ಸಮಾಧಿಯಿಲ್ಲದ ಸೇನಾನಿ: ಫುಟ್‌ಬಾಲ್ ಆಟಗಾರ ವಾಲ್ಟರ್ ಟಲ್

ಗದ್ದೆಯ ಕೊಯ್ಲು ಮುಗಿಯಿತೆಂದರೆ ನಮ್ಮ ಕಡೆಯ ಹುಡುಗರಿಗೆ ಫುಟ್‌ಬಾಲಿನ ಹಬ್ಬ. ತೃಕ್ಕರಿಪುರ, ಚೆರುವತ್ತೂರು ಪರಿಸರದಲ್ಲಂತೂ ಈ ಆಟದ ಹುಚ್ಚು ಮನೆಮನೆಯದು. ಚೆಂಡು ಕಾಲಿಗೆ ಸಿಕ್ಕಿದವನು ಯಾವ ಮನೆಯವನು, ಯಾವ ಮಾತಿನವನು, ಯಾವ ಬಣ್ಣದವನು ಎಂದು ಕೇಳುವ ಪದ್ಧತಿ ಆಟದ ಬಯಲಿನಲ್ಲಿಲ್ಲ, ಇರಲೂಬಾರದು. ಆದರೆ ಈ ಆಟದ ತವರುಮನೆಯಾದ ಇಂಗ್ಲೆಂಡಿನಲ್ಲಿಯೇ ಒಂದು ಕಾಲಕ್ಕೆ ಹಾಗೆ ಕೇಳಿದವರಿದ್ದರು. ಕೇಳಿದ್ದು ಮಾತ್ರವಲ್ಲ, ಆಟಗಾರನೊಬ್ಬನ ಮೈಬಣ್ಣವನ್ನು ಹಿಡಿದು ಸಾವಿರಾರು ಜನರ ನಡುವೆ ಹೀಯಾಳಿಸಿದ್ದರು.

ಆ ಹೀಯಾಳಿಕೆಯನ್ನು ನುಂಗಿಕೊಂಡು ಆಡಿ, ಅದೇ ದೇಶಕ್ಕಾಗಿ ಕಾದಾಡಿ, ಮೂವತ್ತು ವರ್ಷ ತುಂಬಲು ಒಂದೇ ತಿಂಗಳಿರುವಾಗ ರಣರಂಗದಲ್ಲಿ ಮಡಿದವನು ವಾಲ್ಟರ್ ಡೇನಿಯಲ್ ಜಾನ್ ಟಲ್. ಕರಿಯನಾದವನು ಬಿಳಿಯ ಸೈನಿಕರಿಗೆ ಅಪ್ಪಣೆ ಕೊಡುವಂತಿಲ್ಲ ಎಂಬ ನಿಯಮ ಪುಸ್ತಕದಲ್ಲಿದ್ದಾಗಲೇ ಅವನು ಬಿಳಿಯ ಸೈನಿಕರ ನಾಯಕನಾದನು. ಅವನ ಅಪ್ಪಣೆಯನ್ನು ಅವರು ಪಾಲಿಸಿದರು. ಕೊನೆಗೆ ಅವನ ಶರೀರವನ್ನು ಹೊತ್ತು ತರಲು ಹೆಣಗಿದವನೂ ಅವರಲ್ಲೊಬ್ಬನೇ. ಟಲ್‌ನ ಕಿರುಬಾಳಿನ ಕಥೆ ನಮ್ಮ ಮಕ್ಕಳಿಗೂ ತಿಳಿದಿರಬೇಕಾದುದು.

ಅನಾಥಾಲಯದ ಬಾಲ್ಯ

ವಾಲ್ಟರ್ ಹುಟ್ಟಿದ್ದು ೧೮೮೮ನೇ ಇಸವಿ ಎಪ್ರಿಲ್ ೨೮ರಂದು, ಇಂಗ್ಲೆಂಡಿನ ಆಗ್ನೇಯ ಕರಾವಳಿಯಲ್ಲಿ ಕೆಂಟ್ ಪ್ರಾಂತದ ಫೋಕ್‌ಸ್ಟನ್ ಎಂಬ ಊರಿನಲ್ಲಿ. ತಂದೆ ಡೇನಿಯಲ್ ಟಲ್ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದವನು, ಕಸುಬಿನಲ್ಲಿ ಬಡಗಿ. ಆ ದ್ವೀಪದ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ತಲೆಮಾರುಗಳ ಕಾಲ ಗುಲಾಮರನ್ನಾಗಿ ದುಡಿಸಿದ್ದರು. ಡೇನಿಯಲ್‌ನ ತಂದೆಯೇ ಗುಲಾಮನಾಗಿದ್ದವನು. ಗುಲಾಮನ ಮಗ ಕಡಲು ದಾಟಿ ೧೮೭೬ರಲ್ಲಿ ಫೋಕ್‌ಸ್ಟನ್‌ಗೆ ಬಂದು ಉಳಿ, ಬಾಚಿ ಹಿಡಿದು ಸ್ವಂತ ದುಡಿಮೆಯಿಂದ ಬದುಕು ಕಟ್ಟಿಕೊಂಡನು. ಆ ಕಡೆಯವಳೇ ಆದ ಅಲೀಸ್ ಪಾಮರ್ ಎಂಬ ಬಿಳಿಯ ಹೆಣ್ಣುಮಗಳನ್ನು ಮದುವೆಯಾದನು. ಮನೆ ತುಂಬ ಮಕ್ಕಳಾದವು.

ಆದರೆ ಈ ಸುಖಕ್ಕೆ ಆಯುಷ್ಯವಿರಲಿಲ್ಲ. ೧೮೯೫ರಲ್ಲಿ ತಾಯಿ ಕ್ಯಾನ್ಸರಿಗೆ ತುತ್ತಾದಳು. ಎಳೆಯ ಮಕ್ಕಳನ್ನು ನೋಡಿಕೊಳ್ಳಲು ಡೇನಿಯಲ್ ಅಲೀಸಳ ಸಂಬಂಧಿಯಾದ ಕ್ಲಾರಾಳನ್ನು ಮದುವೆಯಾದನು. ಅವಳಿಗೊಂದು ಹೆಣ್ಣುಕೂಸು ಹುಟ್ಟಿತು. ಎರಡೇ ವರ್ಷದಲ್ಲಿ, ೧೮೯೭ರಲ್ಲಿ, ಡೇನಿಯಲ್ ಹೃದ್ರೋಗದಿಂದ ತೀರಿಕೊಂಡನು. ಆರು ಮಕ್ಕಳು, ದುಡಿಯುವ ಕೈಯಿಲ್ಲ. ಮಲತಾಯಿ ಕೆಟ್ಟವಳೇನಲ್ಲ, ಆದರೆ ಎಲ್ಲರ ಹೊಟ್ಟೆ ತುಂಬಿಸುವ ಶಕ್ತಿ ಅವಳಿಗಿರಲಿಲ್ಲ. ೧೮೯೮ರ ಫೆಬ್ರವರಿಯಲ್ಲಿ ಒಂಬತ್ತು ವರ್ಷದ ವಾಲ್ಟರ್ ಮತ್ತು ಅವನ ಅಣ್ಣ ಎಡ್ವರ್ಡ್ ಲಂಡನ್ನಿನ ಬೆತ್ನಾಲ್ ಗ್ರೀನ್ ಪ್ರದೇಶದ ಮೆಥಡಿಸ್ಟ್ ಅನಾಥಾಲಯ ಸೇರಿದರು.

ಅನಾಥಾಲಯದಲ್ಲಿ ಅಣ್ಣನೊಬ್ಬನೇ ವಾಲ್ಟರನಿಗೆ ಆಸರೆ. ಆ ಆಸರೆಯೂ ಬಹುಕಾಲ ಉಳಿಯಲಿಲ್ಲ. ಎಡ್ವರ್ಡನಿಗೆ ಒಳ್ಳೆಯ ಕಂಠವಿತ್ತು. ಅನಾಥಾಲಯದ ಮಕ್ಕಳ ಗಾಯನ ಮೇಳ ಊರೂರು ಸುತ್ತಿ ಹಣ ಸಂಗ್ರಹಿಸುತ್ತಿತ್ತು. ಹಾಗೆ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೋದಾಗ ವಾರ್ನಾಕ್ ಎಂಬ ಮನೆತನದವರು ಎಡ್ವರ್ಡನನ್ನು ಮೆಚ್ಚಿ ೧೯೦೦ರಲ್ಲಿ ದತ್ತು ತೆಗೆದುಕೊಂಡರು. ಆತ ಮುಂದೆ ಓದಿ ದಂತವೈದ್ಯನಾದನು. ಬ್ರಿಟನ್ನಿನಲ್ಲಿ ದಂತವೈದ್ಯ ವೃತ್ತಿ ಕೈಗೊಂಡ ಮೊದಲ ಕರಿಯ ವ್ಯಕ್ತಿಗಳಲ್ಲಿ ಅವನೊಬ್ಬ. ಅಣ್ಣನಿಗೆ ಮನೆ ಸಿಕ್ಕಿತು, ತಮ್ಮ ಒಬ್ಬಂಟಿಯಾದ. ಆದರೂ ಅಣ್ಣತಮ್ಮಂದಿರ ನಂಟು ಕಡಿಯಲಿಲ್ಲ. ಸಾಯುವವರೆಗೂ ವಾಲ್ಟರನಿಗೆ ತನ್ನವರೆಂದರೆ ಗ್ಲಾಸ್ಗೋದ ಅಣ್ಣನೂ ಫೋಕ್‌ಸ್ಟನ್ನಿನ ಒಡಹುಟ್ಟಿದವರೂ.

ಅನಾಥಾಲಯದಲ್ಲಿ ಮಕ್ಕಳಿಗೆ ಒಂದೊಂದು ಕಸುಬು ಕಲಿಸುತ್ತಿದ್ದರು. ವಾಲ್ಟರನ ಪಾಲಿಗೆ ಬಂದದ್ದು ಮುದ್ರಣ. ಅಚ್ಚಿನ ಕೆಲಸ ಕಲಿತು ಹೊಟ್ಟೆಪಾಡಿಗೆ ದಾರಿ ಮಾಡಿಕೊಂಡ ಹುಡುಗನಿಗೆ ಮನಸ್ಸು ಮಾತ್ರ ಚೆಂಡಿನ ಮೇಲೆ. ಅನಾಥಾಲಯದ ತಂಡದಲ್ಲಿ ಆಡುತ್ತಾ ಆಡುತ್ತಾ ಅವನ ಕಾಲ್ಚಳಕ ಹೊರಗಿನವರ ಕಣ್ಣಿಗೆ ಬಿತ್ತು.

ಒಂದೇ ವರ್ಷದಲ್ಲಿ ಮೂರು ಪದಕ

೧೯೦೮ರಲ್ಲಿ ಲಂಡನ್ನಿನ ಕ್ಲಾಪ್ಟನ್ ಎಂಬ ಹವ್ಯಾಸಿ ತಂಡ ಅವನನ್ನು ಸೇರಿಸಿಕೊಂಡಿತು. ಆ ಒಂದೇ ಋತುವಿನಲ್ಲಿ ಕ್ಲಾಪ್ಟನ್ ಮೂರು ಕಪ್ಪುಗಳನ್ನು ಗೆದ್ದಿತು. ಅವುಗಳಲ್ಲಿ ದೇಶದ ಹವ್ಯಾಸಿ ತಂಡಗಳಿಗೆಲ್ಲ ಹಿರಿದಾದ ಅಮೆಚೂರ್ ಕಪ್ಪೂ ಒಂದು. ಹಿಂದಿನ ವರ್ಷ ಹೆಸರೇ ಕೇಳದ ಅನಾಥ ಹುಡುಗನ ಕೈಯಲ್ಲಿ ಈಗ ಮೂರು ಪದಕ. ಕ್ರೀಡಾ ಪತ್ರಿಕೆಗಳು ಆ ವರ್ಷ ಸಿಕ್ಕಿದ ಅತ್ಯುತ್ತಮ ಹೊಸಬ ಇವನೇ ಎಂದು ಬರೆದವು.

ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಆಗಲೇ ದೊಡ್ಡ ತಂಡ. ೧೯೦೯ರಲ್ಲಿ ಅದು ಮೊದಲನೆಯ ಡಿವಿಜನಿಗೆ ಏರಿತ್ತು. ಅದೇ ಬೇಸಗೆಯಲ್ಲಿ ಟಲ್ ಆ ತಂಡದೊಂದಿಗೆ ಆರ್ಜೆಂಟೀನ ಮತ್ತು ಉರುಗ್ವೆ ದೇಶಗಳ ಪ್ರವಾಸ ಮಾಡಿದನು. ಮರಳಿದ ಮೇಲೆ ವೃತ್ತಿ ಆಟಗಾರನಾಗಿ ಕರಾರಿಗೆ ಸಹಿ ಹಾಕಿದನು. ಸೇರ್ಪಡೆಗೆ ಹತ್ತು ಪೌಂಡು, ವಾರಕ್ಕೆ ನಾಲ್ಕು ಪೌಂಡು ಸಂಬಳ. ಆಗಿನ ನಿಯಮ ಒಪ್ಪುತ್ತಿದ್ದ ಪರಮಾವಧಿ ಮೊತ್ತವೇ ಅದು. ಅಂದರೆ ಟಾಟನ್‌ಹ್ಯಾಮಿನವರು ಅವನ ಬೆಲೆಯನ್ನು ಅರಿತೇ ತೆಗೆದುಕೊಂಡಿದ್ದರು.

ಇಂಗ್ಲೆಂಡಿನ ಮೊದಲನೆಯ ಡಿವಿಜನಿನಲ್ಲಿ ಆಡಿದ ಕರಿಯ ಆಟಗಾರರನ್ನು ಅಂದು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ೧೯೦೯ರ ಸೆಪ್ಟೆಂಬರಿನಲ್ಲಿ ಸಂಡರ್‌ಲೆಂಡಿನ ವಿರುದ್ಧ ಟಲ್ ಮೊದಲ ಪಂದ್ಯವಾಡಿದನು. ಹತ್ತು ದಿನಗಳ ಬಳಿಕ ಮ್ಯಾಂಚೆಸ್ಟರ್ ಯುನೈಟೆಡಿನ ಎದುರು ತನ್ನೂರಿನ ಮೈದಾನದಲ್ಲಿ ಆಡಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮೈಮೇಲೆ ಬೀಳುವ ಒರಟು ಆಟ ಅವನದಲ್ಲ. ಎದುರಾಳಿಯ ನಡೆಯನ್ನು ಮೊದಲೇ ಊಹಿಸಿ ಚೆಂಡನ್ನು ಜಾಗಕ್ಕೆ ತಲಪಿಸುವ, ತಲೆ ಉಪಯೋಗಿಸಿ ಆಡುವ ಆಟಗಾರ ಎಂದು ಕಂಡವರು ಬರೆದಿಟ್ಟಿದ್ದಾರೆ.

ಬ್ರಿಸ್ಟಲ್ ಮೈದಾನದ ಅವಮಾನ

ಅಕ್ಟೋಬರಿನಲ್ಲಿ ಟಾಟನ್‌ಹ್ಯಾಮ್ ತಂಡ ಬ್ರಿಸ್ಟಲ್ ನಗರಕ್ಕೆ ಆಡಲು ಹೋಯಿತು. ಬ್ರಿಸ್ಟಲ್ ಹಿಂದೆ ಗುಲಾಮರ ವ್ಯಾಪಾರದಿಂದಲೇ ಕೊಬ್ಬಿದ ಬಂದರು ಎಂಬುದನ್ನು ಇಲ್ಲಿ ನೆನೆಯಬಹುದು. ಅಂದು ಪ್ರೇಕ್ಷಕರಲ್ಲಿ ಒಂದು ಗುಂಪು ಟಲ್‌ನ ಬಣ್ಣವನ್ನು ಹಿಡಿದು ಕಿವಿಯಲ್ಲಿ ಕೇಳಲಾಗದ ಮಾತುಗಳನ್ನಾಡಿತು. ಚೆಂಡು ಅವನ ಹತ್ತಿರ ಬಂದಾಗಲೆಲ್ಲ ಕೂಗಾಟ. ಪಂದ್ಯದ ವರದಿಗಾರನೊಬ್ಬನು ಮೀನುಪೇಟೆಯ ಬಯ್ಗುಳಕ್ಕಿಂತಲೂ ಕೀಳಾದ ಭಾಷೆಯದು ಎಂದು ಖಂಡಿಸಿ, ಆ ದಿನ ಮುಂಚೂಣಿಯಲ್ಲಿ ಆಡಿದವರಲ್ಲೆಲ್ಲ ಟಲ್‌ನೇ ಶ್ರೇಷ್ಠ, ಮೈದಾನದ ಬಿಳಿಯರಿಗೆಲ್ಲ ನಡತೆಯಲ್ಲಿ ಮಾದರಿ ಎಂಬ ಅರ್ಥ ಬರುವಂತೆ ಬರೆದನು. ಟಲ್ ತಿರುಗಿ ಒಂದು ಮಾತನ್ನೂ ಆಡಲಿಲ್ಲ. ಆಟವನ್ನು ಮುಗಿಸಿಯೇ ಹೊರಗೆ ಬಂದನು.

ಆದರೆ ಬಯ್ದವರು ಗ್ಯಾಲರಿಯಲ್ಲಿಯೇ ಉಳಿದರು. ಜಾಗ ಕಳೆದುಕೊಂಡವನು ಬಯ್ಸಿಕೊಂಡವನು. ಸ್ವಲ್ಪ ದಿನಗಳಲ್ಲೇ ಟಾಟನ್‌ಹ್ಯಾಮ್ ಅವನನ್ನು ಎರಡನೇ ತಂಡಕ್ಕೆ ಇಳಿಸಿತು. ಬ್ರಿಸ್ಟಲಿನ ಗಲಾಟೆಯೇ ಇದಕ್ಕೆ ಕಾರಣವೆಂದು ಅವನ ಜೀವನವನ್ನು ಅಭ್ಯಸಿಸಿದ ಹಲವರ ಅಭಿಪ್ರಾಯ. ಮೊದಲನೆಯ ತಂಡಕ್ಕೆ ಅವನು ಆಡಿದ ಲೀಗ್ ಪಂದ್ಯಗಳು ಒಟ್ಟು ಹತ್ತು, ಗೋಲು ಎರಡು. ಅಷ್ಟು ಭರವಸೆ ಹುಟ್ಟಿಸಿದ್ದ ಆಟಗಾರನ ದೊಡ್ಡ ಲೀಗಿನ ಬಾಳು ಅಲ್ಲಿಗೆ ಮುಗಿಯಿತು.

ಅವನ ಯೋಗ್ಯತೆಯನ್ನು ಗುರುತಿಸಿದವನು ಹರ್ಬರ್ಟ್ ಚಾಪ್‌ಮನ್. ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಲೀಗ್ ಚಾಂಪಿಯನ್ ಮಾಡಿ ಹೆಸರಾದ ಮ್ಯಾನೇಜರ್ ಅವನೇ. ಆಗ ನಾರ್ತಾಂಪ್ಟನ್ ಎಂಬ ಸಣ್ಣ ತಂಡವನ್ನು ನಡೆಸುತ್ತಿದ್ದ ಅವನು ೧೯೧೧ರ ಅಕ್ಟೋಬರಿನಲ್ಲಿ ದೊಡ್ಡ ಮೊತ್ತ ತೆತ್ತು ಟಲ್‌ನನ್ನು ಬರಮಾಡಿಕೊಂಡನು. ಅಲ್ಲಿ ಟಲ್ ಹಾಫ್‌ಬ್ಯಾಕ್ ಜಾಗದಲ್ಲಿ ನೆಲೆನಿಂತು ನೂರಕ್ಕೂ ಮಿಕ್ಕಿ ಪಂದ್ಯಗಳನ್ನಾಡಿದನು. ನಾರ್ತಾಂಪ್ಟನ್ನಿನ ಜನ ಅವನನ್ನು ತಮ್ಮವನೆಂದೇ ಕಂಡರು. ಸಣ್ಣ ಊರಿನ ಪ್ರೀತಿ ದೊಡ್ಡ ಊರಿನ ಗಾಯವನ್ನು ಮಾಯಿಸಿತೆನ್ನಬೇಕು.

ಆಟಗಾರರ ಪಲ್ಟನ್

೧೯೧೪ರ ಆಗಸ್ಟಿನಲ್ಲಿ ಒಂದನೇ ಮಹಾಯುದ್ಧ ಹೊತ್ತಿಕೊಂಡಿತು. ದೇಶದ ಹುಡುಗರು ಸಾಯುತ್ತಿರುವಾಗ ಸಂಬಳಕ್ಕೆ ಚೆಂಡು ಒದೆಯುವವರು ಮನೆಯಲ್ಲಿದ್ದಾರೆ ಎಂಬ ಟೀಕೆ ಎದ್ದಿತು. ಇದಕ್ಕೆ ಉತ್ತರವಾಗಿ ಆ ವರ್ಷದ ಡಿಸೆಂಬರಿನಲ್ಲಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ ೧೭ನೇ ಬೆಟಾಲಿಯನ್ ರಚನೆಯಾಯಿತು. ಜನ ಅದನ್ನು ಫುಟ್‌ಬಾಲ್ ಬೆಟಾಲಿಯನ್ ಎಂದೇ ಕರೆದರು. ಪ್ರಸಿದ್ಧ ಆಟಗಾರರು ಅದರಲ್ಲಿ ಸೇರಿದರು. ನಾರ್ತಾಂಪ್ಟನ್ ತಂಡದಿಂದ ಮೊದಲು ಹೆಸರು ಬರೆಸಿದವನು ಟಲ್.

೧೯೧೫ರ ನವೆಂಬರಿನಲ್ಲಿ ಬೆಟಾಲಿಯನ್ ಫ್ರಾನ್ಸಿಗೆ ಹೋಯಿತು. ಕೆಸರು ತುಂಬಿದ ಕಂದಕಗಳು, ಇಲಿ, ಹೇನು, ಹಗಲಿರುಳು ತೋಪುಗಳ ಆರ್ಭಟ. ಶಿಸ್ತಿನಿಂದಲೂ ಧೈರ್ಯದಿಂದಲೂ ಟಲ್ ಸಾರ್ಜೆಂಟ್ ಹುದ್ದೆಗೆ ಏರಿದನು. ಆದರೆ ಮನುಷ್ಯನ ಮನಸ್ಸು ಕಬ್ಬಿಣವಲ್ಲ. ೧೯೧೬ರ ಮೇ ತಿಂಗಳಲ್ಲಿ ತೋಪಿನ ಆಘಾತದಿಂದ ಮನಸ್ಸು ಕದಡಿ ಅವನನ್ನು ಇಂಗ್ಲೆಂಡಿನ ಆಸ್ಪತ್ರೆಗೆ ಕಳುಹಿಸಬೇಕಾಯಿತು. ಅಂಥ ಕಾಯಿಲೆಯನ್ನು ಹೇಡಿತನವೆಂದು ಹಳಿಯುತ್ತಿದ್ದ ಕಾಲ ಅದು. ಟಲ್ ನಾಲ್ಕು ತಿಂಗಳಲ್ಲಿ ಚೇತರಿಸಿಕೊಂಡು ಸೆಪ್ಟೆಂಬರಿನಲ್ಲಿ ಮತ್ತೆ ಫ್ರಾನ್ಸಿಗೆ ಮರಳಿದನು. ಈ ಬಾರಿ ಆಟಗಾರರದೇ ಎರಡನೆಯ ಪಲ್ಟನಾದ ೨೩ನೇ ಬೆಟಾಲಿಯನ್ನಿಗೆ.

ಅದು ಸೋಮ್ ನದಿಯ ಕದನದ ಸಮಯ. ಜುಲೈ ಒಂದರಂದು ಆರಂಭವಾದ ಆ ಕದನದ ಮೊದಲನೆಯ ದಿನವೇ ಬ್ರಿಟಿಷ್ ಸೈನ್ಯದ ೫೭ ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು ಅಥವಾ ಗಾಯಗೊಂಡಿದ್ದರು. ಅದರ ಕೊನೆಯ ಘಟ್ಟದಲ್ಲಿ ಹೋರಾಡಿ ಬದುಕಿ ಉಳಿದ ಟಲ್‌ನನ್ನು ಹೇನಿನಿಂದ ಹರಡುವ ಕಂದಕ ಜ್ವರ ಮಲಗಿಸಿತು. ವರ್ಷದ ಕೊನೆಗೆ ಮತ್ತೊಮ್ಮೆ ಇಂಗ್ಲೆಂಡಿಗೆ.

ನಿಯಮವನ್ನು ಮೀರಿದ ನಾಯಕ

ಗುಣವಾದ ಮೇಲೆ ಅವನನ್ನು ಕಂದಕಕ್ಕೆ ಅಟ್ಟಲಿಲ್ಲ, ಸ್ಕಾಟ್‌ಲೆಂಡಿನ ಗೇಲ್ಸ್ ಎಂಬಲ್ಲಿದ್ದ ಅಧಿಕಾರಿಗಳ ತರಬೇತಿ ಶಾಲೆಗೆ ಕಳುಹಿಸಿದರು. ಇದರ ಮಹತ್ವ ತಿಳಿಯಬೇಕಾದರೆ ಆಗಿನ ಕಾನೂನನ್ನು ತಿಳಿಯಬೇಕು. ಬ್ರಿಟಿಷ್ ಸೈನ್ಯದ ಅಧಿಕಾರಿಯಾಗುವವನು ಶುದ್ಧ ಯುರೋಪಿಯನ್ ಕುಲದವನಾಗಿರಬೇಕೆಂಬ ನಿಯಮವಿತ್ತು. ಕರಿಯರು ಸಿಪಾಯಿಗಳಾಗಬಹುದು, ಸಾರ್ಜೆಂಟರೂ ಆಗಬಹುದು. ಬಿಳಿಯರ ಮೇಲೆ ಅಧಿಕಾರ ನಡೆಸುವ ನಿಜವಾದ ಕಮಿಶನ್ ಅವರಿಗಿಲ್ಲ. ಇಂಥ ಪುಸ್ತಕವನ್ನು ಬದಿಗಿಟ್ಟು ಅವನ ಮೇಲಧಿಕಾರಿಗಳು ಶಿಫಾರಸು ಮಾಡಿದರು. ೧೯೧೭ರ ಮೇ ೩೦ರಂದು ವಾಲ್ಟರ್ ಟಲ್ ಸೆಕೆಂಡ್ ಲೆಫ್ಟಿನೆಂಟ್ ಆದನು. ಅವನೇ ಮೊತ್ತಮೊದಲಿಗನೆಂದು ಬಹುಕಾಲ ನಂಬಲಾಗಿತ್ತು. ಜಮೈಕಾದಲ್ಲಿ ಹುಟ್ಟಿದ ಜಾರ್ಜ್ ಬೆಮಂಡ್ ಮುಂತಾದವರು ಅದಕ್ಕೂ ಮೊದಲು ಅಧಿಕಾರಿಗಳಾಗಿದ್ದುದು ಈಚಿನ ಸಂಶೋಧನೆಯಿಂದ ತಿಳಿದಿದೆ. ಅದರಿಂದ ಟಲ್‌ನ ಸಾಧನೆ ಕಿರಿದಾಗುವುದಿಲ್ಲ. ಮುಚ್ಚಿದ್ದ ಬಾಗಿಲನ್ನು ನೂಕಿದವರು ಒಬ್ಬಿಬ್ಬರಲ್ಲ ಎಂದಷ್ಟೇ ಅದರ ಅರ್ಥ.

ಈ ಬಾಗಿಲು ನಮ್ಮವರಿಗೂ ಮುಚ್ಚಿದ್ದ ಬಾಗಿಲೇ. ಕಾಸರಗೋಡೂ ಹಿಂದೂಪುರ ಸೀಮೆಯ ಗೋರಂಟ್ಲವೂ ಅಂದು ಮದರಾಸು ಪ್ರಾಂತ್ಯದಲ್ಲಿದ್ದವು. ನಮ್ಮ ಹಿರಿಯರೂ ಅದೇ ಚಕ್ರವರ್ತಿಯ ಪ್ರಜೆಗಳು. ಆ ಯುದ್ಧಕ್ಕಾಗಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿದರು. ಸುಮಾರು ೭೪ ಸಾವಿರ ಮಂದಿ ಮರಳಲಿಲ್ಲ. ಟಲ್ ಮಡಿದ ಆರು ತಿಂಗಳಿಗೆ ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯೂ ಇತ್ತು. ಇಷ್ಟಾದರೂ ಭಾರತೀಯನು ಪೂರ್ಣ ಅಧಿಕಾರದ ಕಮಿಶನ್ ಪಡೆಯಬಹುದೆಂದು ಸರ್ಕಾರ ಒಪ್ಪಿದ್ದು ೧೯೧೭ರ ಆಗಸ್ಟಿನಲ್ಲಿ. ಟಲ್ ಅಧಿಕಾರಿಯಾಗಿ ಆಗ ಮೂರು ತಿಂಗಳಾಗಿತ್ತಷ್ಟೆ. ಆ ತೀರ್ಮಾನದ ಬಳಿಕ ಇಂದೋರಿನ ಶಾಲೆಯಲ್ಲಿ ತರಬೇತಿ ಪಡೆದು ೧೯೧೯ರಲ್ಲಿ ಅಧಿಕಾರಿಗಳಾದವರಲ್ಲಿ ನಮ್ಮ ನೆರೆಯ ಕೊಡಗಿನ ಕೆ. ಎಂ. ಕಾರ್ಯಪ್ಪನವರೂ ಒಬ್ಬರು. ೧೯೪೯ರ ಜನವರಿ ೧೫ರಂದು ಅವರು ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಟಲ್‌ಗೂ ಕಾರ್ಯಪ್ಪನವರಿಗೂ ಭೇಟಿಯಿಲ್ಲ, ಪರಿಚಯವಿಲ್ಲ. ಆದರೂ ಇಬ್ಬರೂ ದಾಟಿದ ಹೊಸ್ತಿಲು ಒಂದೇ ಮನೆಯದು.

ಪಿಯಾವೆ ನದಿಯ ಇರುಳು

ಅಧಿಕಾರಿಯಾಗಿ ಟಲ್ ತನ್ನ ೨೩ನೇ ಬೆಟಾಲಿಯನ್ನಿಗೇ ಮರಳಿದನು. ಬೆಲ್ಜಿಯಂನ ಈಪ್ರ್ ರಣಭೂಮಿಯಲ್ಲಿ ಹೋರಾಡಿದ ಮೇಲೆ ನವೆಂಬರಿನಲ್ಲಿ ಬೆಟಾಲಿಯನ್ ಇಟಲಿಗೆ ಹೋಯಿತು. ಅಲ್ಲಿ ಪಿಯಾವೆ ನದಿಯ ಈ ದಡದಲ್ಲಿ ಬ್ರಿಟಿಷರು, ಆ ದಡದಲ್ಲಿ ಶತ್ರುಗಳು. ೧೯೧೮ರ ಹೊಸವರ್ಷದ ಮೊದಲ ದಿನಗಳಲ್ಲಿ, ಕೊರೆಯುವ ಚಳಿಯ ಒಂದು ಇರುಳು, ಟಲ್ ೨೬ ಮಂದಿಯನ್ನು ಕರೆದುಕೊಂಡು ರಭಸದಿಂದ ಹರಿಯುವ ಹಿಮದಂಥ ನೀರನ್ನು ದಾಟಿದನು. ಗುಂಡಿನ ಮಳೆಯ ನಡುವೆ ಕೆಲಸ ಮುಗಿಸಿ ಇಪ್ಪತ್ತಾರು ಮಂದಿಯನ್ನೂ ಜೀವಸಹಿತ ಈ ದಡಕ್ಕೆ ತಂದನು.

ಮಳೆಗಾಲದ ಹೊಳೆ ದಾಟಿ ಗೊತ್ತಿದ್ದವರಿಗೆ ಅದರ ಕಷ್ಟ ಹೇಳಬೇಕಾಗಿಲ್ಲ. ಕತ್ತಲೆ, ಸೆಳೆತ, ಆಚೆ ದಡದಲ್ಲಿ ಬಂದೂಕು. ಡಿವಿಜನಿನ ದಂಡನಾಯಕ ಮೇಜರ್ ಜನರಲ್ ಲಾಫರ್ಡ್ ಅವನ ಶೌರ್ಯವನ್ನೂ ಶಾಂತಚಿತ್ತವನ್ನೂ ವಿಶೇಷವಾಗಿ ಶ್ಲಾಘಿಸಿದನು. ಗಮನಿಸಬೇಕಾದುದು ಆ ಇಪ್ಪತ್ತಾರು ಮಂದಿಯನ್ನು. ಕತ್ತಲೆಯಲ್ಲಿ ಮುಂದೆ ನಡೆದವನ ಹೆಜ್ಜೆಯನ್ನು ನಂಬಿ ನೀರಿಗಿಳಿದವರಿಗೆ ಅವನ ಬಣ್ಣ ಯಾವುದೆಂಬುದು ನೆನಪಿಗೂ ಬಂದಿರಲಾರದು.

ಕೊನೆಯ ದಿನ

ಮಾರ್ಚ್ ಮೊದಲಿಗೆ ಬೆಟಾಲಿಯನ್ ಫ್ರಾನ್ಸಿಗೆ ಮರಳಿತು. ೨೧ರಂದು ಜರ್ಮನರು ತಮ್ಮ ಕೊನೆಯ ದೊಡ್ಡ ದಾಳಿಯನ್ನು ಆರಂಭಿಸಿದರು. ಬ್ರಿಟಿಷ್ ಸಾಲು ಹಲವೆಡೆ ಮುರಿದು ಸೈನಿಕರು ಹೋರಾಡುತ್ತಲೇ ಹಿಂದೆ ಸರಿಯಬೇಕಾಯಿತು. ೨೫ರಂದು ಬಾಪೋಮ್ ಪಟ್ಟಣದ ಹತ್ತಿರ ಫಾವ್ರೆಯ್ ಎಂಬ ಹಳ್ಳಿಯ ಬಳಿ ಟಲ್‌ನಿಗೆ ಮೆಷಿನ್‌ಗನ್ನಿನ ಗುಂಡು ತಗಲಿತು. ಕ್ಷಣದಲ್ಲಿ ಪ್ರಾಣ ಹೋಯಿತು.

ಸೈನಿಕರು ಅವನನ್ನು ಅಲ್ಲಿಯೇ ಬಿಟ್ಟು ಬರಲು ಒಪ್ಪಲಿಲ್ಲ. ಲೆಸ್ಟರ್ ತಂಡದ ಗೋಲ್‌ಕೀಪರನಾಗಿದ್ದ ಟಾಮ್ ಬಿಲ್ಲಿಂಗ್‌ಹ್ಯಾಮ್ ಗುಂಡುಗಳ ನಡುವೆ ಅವನ ಶರೀರವನ್ನು ಎಳೆದು ತರಲು ಹೆಣಗಿದನು. ಜರ್ಮನರು ಅಷ್ಟು ಹತ್ತಿರ ಬಂದಿದ್ದರು. ಬೇರೆ ದಾರಿಯಿಲ್ಲದೆ ಬಿಡಬೇಕಾಯಿತು. ಆ ಶರೀರ ಮತ್ತೆ ಸಿಗಲೇ ಇಲ್ಲ. ಟಲ್‌ನಿಗೆ ಸಮಾಧಿಯಿಲ್ಲ. ಫ್ರಾನ್ಸಿನ ಅರಾಸ್ ಸ್ಮಾರಕದ ಗೋಡೆಯ ಮೇಲೆ, ಗೋರಿಯಿಲ್ಲದ ಸುಮಾರು ೩೫ ಸಾವಿರ ಯೋಧರ ಹೆಸರುಗಳ ನಡುವೆ, ಅವನ ಹೆಸರೂ ಒಂದು ಸಾಲಾಗಿ ನಿಂತಿದೆ.

ಗ್ಲಾಸ್ಗೋದ ಅಣ್ಣನಿಗೆ ಬೆಟಾಲಿಯನ್ನಿನ ಅಧಿಕಾರಿಯೊಬ್ಬನು ಬರೆದ ಕಾಗದದಲ್ಲಿ ಟಲ್‌ನನ್ನು ಎಲ್ಲರೂ ಎಷ್ಟು ಪ್ರೀತಿಸುತ್ತಿದ್ದರೆಂಬುದಿತ್ತು. ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕಕ್ಕೆ ಅವನ ಹೆಸರು ಶಿಫಾರಸಾಗಿತ್ತೆಂದೂ ಇತ್ತು. ಯುದ್ಧ ಮುಗಿದ ಮೇಲೆ ಗ್ಲಾಸ್ಗೋದ ರೇಂಜರ್ಸ್ ತಂಡಕ್ಕೆ ಆಡುವ ಮಾತೂ ಆಗಿತ್ತು. ಅಣ್ಣನ ಊರಿನಲ್ಲಿಯೇ ಆಡಬಹುದಿತ್ತು. ಆಟವೂ ನಡೆಯಲಿಲ್ಲ, ಪದಕವೂ ಬರಲಿಲ್ಲ. ಯುದ್ಧದಲ್ಲಿ ಸೇವೆ ಮಾಡಿದವರಿಗೆಲ್ಲ ಸಲ್ಲುವ ಸಾಮಾನ್ಯ ಪದಕಗಳಷ್ಟೇ ಅವನ ಪಾಲಿಗೆ ಬಂದವು. ಮಿಲಿಟರಿ ಕ್ರಾಸನ್ನು ಮರಣಾನಂತರವಾದರೂ ಕೊಡಬೇಕೆಂದು ಬ್ರಿಟನ್ನಿನಲ್ಲಿ ಅನೇಕರು ಒತ್ತಾಯಿಸಿದ್ದಾರೆ.

ಮರೆತವರು ನೆನೆದದ್ದು

ಸತ್ತ ಮೇಲೆ ಟಲ್‌ನನ್ನು ಇಂಗ್ಲೆಂಡ್ ಬಹುಕಾಲ ಮರೆತಿತ್ತು. ಫಿಲ್ ವಾಸಿಲಿ ಎಂಬ ಸಂಶೋಧಕನೇ ಮೊದಲಾದವರು ಹಳೆಯ ದಾಖಲೆಗಳನ್ನು ಹುಡುಕಿ ಅವನ ಬಾಳನ್ನು ಬೆಳಕಿಗೆ ತಂದರು. ೧೯೯೯ರಲ್ಲಿ ನಾರ್ತಾಂಪ್ಟನ್ ತಂಡ ತನ್ನ ಮೈದಾನದ ಬಳಿ ಅವನಿಗೊಂದು ಸ್ಮಾರಕ ನಿಲ್ಲಿಸಿತು. ಸಣ್ಣ ಊರು ತನ್ನವನನ್ನು ಮರೆಯಲಿಲ್ಲ. ೨೦೧೪ರಲ್ಲಿ ಬ್ರಿಟನ್ನಿನ ಟಂಕಸಾಲೆ ಹೊರಡಿಸಿದ ಯುದ್ಧಸ್ಮಾರಕ ನಾಣ್ಯಗಳಲ್ಲೊಂದರಲ್ಲಿ ಅವನ ಮುಖ ಮೂಡಿತು. ೨೦೨೧ರಲ್ಲಿ ಇಂಗ್ಲಿಷ್ ಫುಟ್‌ಬಾಲಿನ ಕೀರ್ತಿಶಾಲಿಗಳ ಸಾಲಿಗೆ ಅವನ ಹೆಸರು ಸೇರಿತು.

ಒಂದು ತೂಕ ಮಾಡಿ ನೋಡಿದರೆ ಟಲ್ ಗೆದ್ದದ್ದು ಕಡಮೆ. ದೊಡ್ಡ ಲೀಗಿನಲ್ಲಿ ಹತ್ತೇ ಪಂದ್ಯ, ಅಧಿಕಾರಿಯಾಗಿ ಹತ್ತೇ ತಿಂಗಳು. ಅವನ ಹಿರಿಮೆ ಗೆಲುವಿನ ಲೆಕ್ಕದಲ್ಲಿಲ್ಲ. ನೀನು ಇಲ್ಲಿಯವನಲ್ಲ ಎಂದು ಮೈದಾನ ಕೂಗಿತು. ಅವನು ಆಟ ಬಿಡಲಿಲ್ಲ. ನೀನು ನಾಯಕನಾಗುವಂತಿಲ್ಲ ಎಂದು ಪುಸ್ತಕ ಹೇಳಿತು. ಅವನು ಇಪ್ಪತ್ತಾರು ಮಂದಿಯನ್ನು ಹೊಳೆ ದಾಟಿಸಿ ಮರಳಿ ತಂದನು. ಬೇರೆಯವರ ನಡುವೆ ಕೆಲವೇ ಮಂದಿಯಾಗಿ ಬಾಳುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಾಗದು. ನಮ್ಮ ಗದ್ದೆಗಳಲ್ಲಿ ಚೆಂಡಿನ ಹಿಂದೆ ಓಡುವ ಹುಡುಗರಿಗೆ ಹಿರಿಯರು ಒಂದು ಸಂಜೆ ಈ ಹೆಸರನ್ನು ಹೇಳಿಕೊಡಲಿ. ಸಮಾಧಿಯಿಲ್ಲದವನಿಗೆ ನೆನಪೇ ಸಮಾಧಿ.